ಉಸಿರು ತಾಗಿದ ಮರ

ಎದೆರೋಗದ ಆಸ್ಪತ್ರೆ, ಅಥೆನ್ಸ್
9 ನವೆಂಬರ್ 1958

ಅಗ್ಲಾಯಾ,

ಸುಖವಾಗಿ ತಲುಪಿದೆ ಎಂದು ಬರೆಯುವ ಹಾಗಿಲ್ಲ, ತಲುಪಿದೆ ಎಂದಷ್ಟೇ ಬರೆಯುತ್ತೇನೆ. ಬಸ್ಸಿನಲ್ಲಿ ಕೆಮ್ಮು ಹತ್ತಿತು. ಪಕ್ಕದಲ್ಲಿದ್ದವರು ಎದ್ದು ಹಿಂದಿನ ಸೀಟಿಗೆ ಹೋದರು, ನನಗೆ ಕಾಲು ಚಾಚಲು ಜಾಗವಾಯಿತು. ಇಲ್ಲಿ ಕೋಣೆಯ ತುಂಬ ಕ್ಷಯದವರೇ, ಹಾಗಾಗಿ ಯಾರಿಗೂ ಯಾರ ಹೆದರಿಕೆಯೂ ಇಲ್ಲ. ದಿನವೂ ಸೂಜಿ ಚುಚ್ಚುತ್ತಾರೆ. ಊಟಕ್ಕೆ ಕೊರತೆಯಿಲ್ಲ, ಉಪ್ಪಿಗೆ ಮಾತ್ರ ಬಡತನ.

ನನ್ನನ್ನು ನೋಡಿಕೊಳ್ಳಲು ಡಾಕ್ಟರರಿದ್ದಾರೆ. ಕ್ಲಾರಿನೆಟ್ಟನ್ನು ನೋಡಿಕೊಳ್ಳಲು ನೀನೊಬ್ಬಳೇ. ಸಂತ ದಿಮಿತ್ರಿಯ ಹಬ್ಬದಲ್ಲಿ ನುಡಿಸುತ್ತಿರುವಾಗಲೇ ಬಾಯಿಂದ ರಕ್ತ ಬಂತಲ್ಲ, ನನ್ನನ್ನು ಎತ್ತಿ ತರುವ ಗಡಿಬಿಡಿಯಲ್ಲಿ ಯಾರೋ ಅದನ್ನು ಒದ್ದೆಯಾಗಿಯೇ ಪೆಟ್ಟಿಗೆಗೆ ತುರುಕಿದರು. ಆಮೇಲೆ ತೆರೆಯುವ ತ್ರಾಣ ನನಗಿರಲಿಲ್ಲ. ಒಳಗೆ ತೇವ ನಿಂತರೆ ಮರ ಉಬ್ಬುತ್ತದೆ, ಒಣಗುವಾಗ ಸೀಳು ಬಿಡುತ್ತದೆ.

ತುಂಡುಗಳನ್ನು ಎಳೆಯಬೇಡ, ಮೆಲ್ಲನೆ ತಿರುಗಿಸುತ್ತಾ ಬಿಡಿಸು. ತೂತು ಮುಚ್ಚುವ ಕೀಲಿಗಳ ಮೇಲೆ ಭಾರ ಬಿಟ್ಟು ಹಿಡಿಯಬೇಡ, ಬಾಗುತ್ತವೆ. ಮೆತ್ತನೆಯ ಹತ್ತಿಬಟ್ಟೆಗೆ ದಾರ ಕಟ್ಟಿ, ದಾರದ ತುದಿಗೆ ಗಾಳದ ಸೀಸದ ಗುಂಡು ಕಟ್ಟು. ಗುಂಡನ್ನು ಒಂದು ಬಾಯಿಂದ ಇಳಿಬಿಟ್ಟು ಇನ್ನೊಂದು ಬಾಯಿಂದ ಎಳೆದರೆ ಬಟ್ಟೆ ಒಳಗೆಲ್ಲ ಒರೆಸಿಕೊಂಡು ಬರುತ್ತದೆ. ಬಟ್ಟೆ ಒಣಗಿಯೇ ಹೊರಬರುವ ತನಕ ಎಳೆ. ತುಂಡುಗಳು ಸೇರುವಲ್ಲಿ ಕಾರ್ಕಿನ ಪಟ್ಟಿ ಇದೆ, ಅದಕ್ಕೆ ಕುರಿಕೊಬ್ಬು ಸವರು. ಡಬ್ಬಿ ಪೆಟ್ಟಿಗೆಯಲ್ಲೇ ಇದೆ. ಒಲೆಯ ಹತ್ತಿರ ಇಡಬೇಡ. ಕಿಟಕಿಯಲ್ಲೂ ಇಡಬೇಡ. ಮರ ತೀರ ಒಣಗದಂತೆ ಪೆಟ್ಟಿಗೆಯೊಳಗೆ ಕಿತ್ತಳೆ ಸಿಪ್ಪೆಯ ಚೂರೊಂದನ್ನು ಹಾಕು.

ಪೊಲಿಕ್ಸೆನಿಗೆ ಹೇಳು, ಮದುವೆಯ ಬಟ್ಟೆಯ ಕಸೂತಿ ನಿಲ್ಲಿಸುವುದು ಬೇಡ.

ನಿನ್ನ
ಝೀಸಿಸ್


ಕ್ರಿಯೊನೇರಿ
24 ನವೆಂಬರ್ 1958

ಝೀಸಿಸ್,

ಎರಡು ಪುಟದ ಕಾಗದದಲ್ಲಿ ಕ್ಲಾರಿನೆಟ್ಟಿಗೆ ಒಂದೂವರೆ ಪುಟ, ಮಗಳಿಗೆ ಒಂದು ಸಾಲು, ನನಗೆ ಬರೀ ಹೆಸರು. ಪರವಾಗಿಲ್ಲ. ಕಾಗದ ನೀನೇ ಬರೆದದ್ದೆಂದು ಅದರಿಂದಲೇ ನಂಬಿಕೆ ಬಂತು.

ಮದುವೆಯಾದಂದಿನಿಂದ ಆ ಪೆಟ್ಟಿಗೆಯ ಧೂಳು ಒರೆಸಲೂ ನೀನು ಬಿಡಲಿಲ್ಲ. ಮಗಳು ಹುಟ್ಟಿದ ದಿನ ನೀನು ಯಾರದೋ ಮದುವೆಯಲ್ಲಿ ಅದನ್ನು ಊದುತ್ತಿದ್ದೆ. ನಿನಗೆ ನಾನು ಎರಡನೆಯ ಹೆಂಡತಿ, ಮೊದಲನೆಯವಳು ಗೋಡೆಯ ಗೂಡಿನಲ್ಲಿದ್ದಾಳೆ ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಈಗ ಸವತಿಯ ಮೈ ತೊಳೆಯುವ ಕೆಲಸ ನನಗೇ ಬಂತು.

ಹೇಳಿದ ಹಾಗೆಯೇ ಮಾಡಿದೆ. ನಿನ್ನ ಹಳೆಯ ಬನಿಯನ್ನು ಹರಿದು ದಾರ ಕಟ್ಟಿದೆ. ಕೆಳಗಿನ ತುಂಡು ಬಿಗಿದುಕೊಂಡಿತ್ತು, ಪೊಲಿಕ್ಸೆನಿ ಒಂದು ಕಡೆ ನಾನೊಂದು ಕಡೆ ಹಿಡಿದು ತಿರುಗಿಸಿದೆವು. ಬಾಯಿಗೆ ತಾಗುವ ಜೊಂಡಿನ ಚಕ್ಕೆ, ನೀನು ರೀಡು ಎನ್ನುತ್ತೀಯಲ್ಲ, ಅದರ ಮೇಲೆ ಕಂದು ಕಲೆ ಇತ್ತು. ದೀಪದ ಹತ್ತಿರ ಹಿಡಿದು ನೋಡಿದೆ. ಆಮೇಲೆ ಒರೆಸಿದೆ.

ಇಲ್ಲಿ ಆರೋಗ್ಯ ಇಲಾಖೆಯವನು ಬಂದು ನಿನ್ನ ತಟ್ಟೆ ಲೋಟ ಕುದಿಸಲು, ಹಾಸಿಗೆ ಸುಡಲು ಹೇಳಿ ಹೋದ. ಮಾಡಿದೆವು. ನಮ್ಮಿಬ್ಬರ ಎದೆಯ ಫೋಟೋ ಯಾನೆನಾ ಪಟ್ಟಣದಲ್ಲಿ ತೆಗೆದರು, ಏನೂ ಇಲ್ಲವಂತೆ. ಊರಿಗೆ ಆ ಫೋಟೋ ತೋರಿಸಿಕೊಂಡು ತಿರುಗಲು ಆಗುತ್ತದೆಯೇ? ನಮ್ಮ ಮನೆಯ ಮುಂದೆ ಬಂದಾಗ ಜನ ರಸ್ತೆಯ ಆಚೆ ಬದಿಗೆ ಸರಿಯುತ್ತಾರೆ. ಬೀಗಿತ್ತಿ ಡೆಸ್ಪೊ ಬಂದಿದ್ದಳು. ಒಳಗೆ ಕಾಲಿಡಲಿಲ್ಲ. ಅಂಗಳದಿಂದಲೇ, “ಅವನ ಕ್ಲಾರಿನೆಟ್ಟು ಏನು ಮಾಡಿದ್ರಿ? ಅದನ್ನೂ ಕುದಿಸಿದ್ರಾ?” ಅಂದಳು. “ಅದೇನು ಕೋಸುಗಡ್ಡೆನಾ ಕುದಿಸೋಕೆ?” ಅಂದೆ. ನಗಲಿಲ್ಲ.

ಮದುವೆ ಕ್ರಿಸ್‌ಮಸ್ ಆದಮೇಲೆ ಅಂದಿತ್ತಲ್ಲ, ಈಗ ಆ ಮಾತೇ ಎತ್ತುತ್ತಿಲ್ಲ. ಅವಳ ಮಗ ಅಪೊಸ್ತೊಲಿಸ್ ಬರುತ್ತಾನೆ, ಬೇಲಿಯ ಹತ್ತಿರ ನಿಂತು ಪೊಲಿಕ್ಸೆನಿಯ ಜೊತೆ ಮಾತಾಡಿ ಹೋಗುತ್ತಾನೆ.

ಉಪ್ಪು ಕಳಿಸುತ್ತಿದ್ದೇನೆ.

ಅಗ್ಲಾಯಾ


ಅಥೆನ್ಸ್
11 ಡಿಸೆಂಬರ್ 1958

ಅಗ್ಲಾಯಾ,

ಯಾರು ಏನೇ ಹೇಳಲಿ, ಕುದಿಸಬೇಡ. ಬಿಸಿನೀರು ತಾಗಿದರೆ ಅದು ಕ್ಲಾರಿನೆಟ್ಟಲ್ಲ, ಸೌದೆ.

ಡಾಕ್ಟರರನ್ನು ಕೇಳಿದೆ. ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲವಂತೆ, ಸ್ವಲ್ಪ ಯೋಚಿಸಿದರು. ರೀಡುಗಳನ್ನೆಲ್ಲ ಸುಟ್ಟುಬಿಡು. ಬಾಯಲ್ಲಿ ಇಡುವ ಕಪ್ಪು ತುಂಡನ್ನು ಉಗುರು ಬೆಚ್ಚಗಿನ ಸಾಬೂನು ನೀರಲ್ಲಿ ತೊಳೆದು ಸಾರಾಯಿಯಿಂದ ಒರೆಸು. ನೀರು ಬಿಸಿಯಾದರೆ ಆ ತುಂಡು ಹಸಿರು ಬಣ್ಣಕ್ಕೆ ತಿರುಗುತ್ತದೆ. ಮರದ ತುಂಡುಗಳ ಒಳಗೆ ಅದೇ ಸಾರಾಯಿ, ನಮ್ಮ ಚಿಪುರೊ, ಹಚ್ಚಿ ಹಿಂಡಿದ ಬಟ್ಟೆ ಎಳೆ, ಹಿಂದೆಯೇ ಒಣಬಟ್ಟೆ ಎಳೆ. ಆಮೇಲೆ ಕೆಲವು ತಿಂಗಳು ಯಾರೂ ಬಾಯಿಗಿಡದೆ ಗಾಳಿಯಾಡುವಲ್ಲಿ ಇಟ್ಟರೆ ಉಳಿದದ್ದೂ ಸಾಯುತ್ತದೆ, ಭಯವಿಲ್ಲ ಎಂದರು.

ಸಾರಾಯಿ ಮರದ ಜಿಡ್ಡನ್ನು ಹೀರುತ್ತದೆ, ಅದಕ್ಕೆ ಎಣ್ಣೆ ಕೊಡಬೇಕು. ಅಡುಗೆಯ ಆಲಿವ್ ಎಣ್ಣೆ ಬೇಡ, ಅಂಟಾಗಿ ನಾರುತ್ತದೆ. ಔಷಧಿ ಅಂಗಡಿಯಲ್ಲಿ ಬಾದಾಮಿ ಎಣ್ಣೆ ಕೇಳು. ಬಟ್ಟೆಗೆ ಕೆಲವೇ ಹನಿ. ತೂತುಗಳನ್ನು ಮುಚ್ಚುವ ಮೆತ್ತೆಗಳಿಗೆ ತಾಗದಂತೆ ನೋಡಿಕೋ. ಚಿಪುರೊ ನನ್ನ ಬೀರುವಿನಲ್ಲಿದೆ. ಬಾಟಲಿಯಲ್ಲಿ ಎಷ್ಟಿದೆ ಎಂದು ನನಗೆ ಗೊತ್ತು.

ಡೆಸ್ಪೊಗೆ ಡಾಕ್ಟರರು ಹೇಳಿದ್ದನ್ನು ಹೇಳು. ನನ್ನ ಜ್ವರ ಇಳಿದಿದೆ. ಉಪ್ಪು ಬಂತು, ಕೋಣೆಯವರೆಲ್ಲ ನಿನ್ನ ಆಯುಸ್ಸು ಹಾರೈಸಿದರು.

ನಿನ್ನ
ಝೀಸಿಸ್


ಕ್ರಿಯೊನೇರಿ
19 ಜನವರಿ 1959

ಝೀಸಿಸ್,

ಎಲ್ಲ ಹೇಳಿದಂತೆ ಆಯಿತು. ಬಾಟಲಿಯಲ್ಲಿ ಈಗ ನಿನಗೆ ಗೊತ್ತಿದ್ದಷ್ಟು ಇಲ್ಲ. ಸ್ವಲ್ಪ ಮರ ಕುಡಿಯಿತು, ಸ್ವಲ್ಪ ನಾನು. ಚಳಿ ಹಾಗಿತ್ತು.

ಎಣ್ಣೆ ಹಾಕುವಾಗ ಒಂದು ಮೆತ್ತೆಗೆ ತಾಗಿಯೇಬಿಟ್ಟಿತು. ಕೀಲಿ ಒತ್ತಿದರೆ ಅಂಟಿಕೊಂಡು ಏಳುವುದೇ ಇಲ್ಲ. ನೀನು ಸಿಗರೇಟು ಸುತ್ತುವ ತೆಳುಕಾಗದವನ್ನು ಮೆತ್ತೆಯಡಿ ಇಟ್ಟು ಒತ್ತುತ್ತಿದ್ದದ್ದು ಕಣ್ಣಿಗೆ ಬಂತು. ಹಾಗೇ ಮಾಡಿದೆ, ಎಣ್ಣೆಯನ್ನು ಕಾಗದ ಹೀರಿತು. ಇಷ್ಟು ವರ್ಷ ನೋಡದ ಹಾಗೆ ಇದ್ದೆನಾದರೂ ನೋಡುತ್ತಲೇ ಇದ್ದೆನೆಂದು ಆಗ ಗೊತ್ತಾಯಿತು.

ಕೆಟ್ಟ ಸುದ್ದಿಯನ್ನು ಕೊನೆಗಿಟ್ಟಿದ್ದೇನೆ. ಡಾಕ್ಟರರು ಹೇಳಿದ್ದನ್ನು ಡೆಸ್ಪೊಗೆ ಹೇಳಿದೆ. “ನಿಮ್ಮ ಡಾಕ್ಟರು ಅಥೆನ್ಸಲ್ಲಿ ಕೂತಿದ್ದಾನೆ, ನನ್ನ ಮಗ ಇಲ್ಲಿದ್ದಾನೆ” ಅಂದಳು. “ಝೀಸಿಸನ ಉಸಿರೆಲ್ಲ ಆ ಮರದೊಳಗೇ ಕೂತಿದೆ. ನನ್ನ ಕಣ್ಣೆದುರಿಗೆ ಅದನ್ನ ಸುಡಿ, ಈಸ್ಟರ್ ಆದ್ಮೇಲೆ ಮದುವೆ ಮಾಡೋಣ. ಇಲ್ಲಾಂದ್ರೆ ಉಂಗುರ ವಾಪಸ್ ಕೊಡಿ.”

ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಯುದ್ಧದ ವರ್ಷಗಳಲ್ಲಿ ಅವಳ ತಂಗಿ ಇದೇ ಕಾಯಿಲೆಯಲ್ಲಿ ಹೋದಳಲ್ಲ, ಅವಳ ತಲೆ ಹಿಡಿದುಕೊಂಡು ಕೂತಿದ್ದವಳು ಇವಳೇ.

ಪೊಲಿಕ್ಸೆನಿ ಕಸೂತಿಯ ಬಟ್ಟೆ ಮಡಚಿ ಟ್ರಂಕಿನ ತಳಕ್ಕೆ ಹಾಕಿದ್ದಾಳೆ. ನೀನೇ ಹೇಳು.

ಅಗ್ಲಾಯಾ


ಅಥೆನ್ಸ್
8 ಫೆಬ್ರವರಿ 1959

ಅಗ್ಲಾಯಾ,

ಸುಡು.

ಬಲಗಡೆಯ ಶ್ವಾಸಕೋಶದಲ್ಲಿ ಒಂದು ಭಾಗ ಕೊಯ್ದು ತೆಗೆಯಬೇಕಂತೆ, ಏಪ್ರಿಲ್ ಹೊತ್ತಿಗೆ. ಆಮೇಲೆ ಬದುಕಬಹುದು, ನಡೆಯಬಹುದು, ಹಿತ್ತಲಲ್ಲಿ ಬೀನ್ಸ್ ಹಾಕಬಹುದು. ಊದುವ ಹಾಗಿಲ್ಲ. ಹೇಗೂ ನನಗದು ಇನ್ನು ಬೇಡ.

ಹುಡುಗಿಯ ಬಾಳು ದೊಡ್ಡದು. ಡೆಸ್ಪೊಳನ್ನು ಕರೆದು ಅವಳೆದುರಿಗೇ ಸುಡು. ಕೀಲಿಗಳನ್ನು ಮೊದಲು ಬಿಚ್ಚುವುದು ಬೇಡ, ಒಟ್ಟಿಗೇ ಹಾಕು.

ಆಮೇಲೆ ಅದರ ವಿಷಯ ನನಗೆ ಬರೆಯಬೇಡ.

ಝೀಸಿಸ್


ಕ್ರಿಯೊನೇರಿ
2 ಮಾರ್ಚ್ 1959

ಝೀಸಿಸ್,

ಅದರ ವಿಷಯ ಬರೆಯಬೇಡ ಎಂದಿದ್ದೆ ನೀನು. ಬರೆಯುತ್ತೇನೆ, ಏಕೆಂದರೆ ಅದು ಇನ್ನೂ ಇದೆ.

ನಿನ್ನ ಮಾತಿನಂತೆ ಡೆಸ್ಪೊಳನ್ನು ಕರೆದೆ. ಅಂಗಳದ ಒಲೆಗೆ ಬೆಂಕಿ ಮಾಡಿದೆ. ಪೆಟ್ಟಿಗೆಯನ್ನು ತಂದು ಕಟ್ಟೆಯ ಮೇಲೆ ತೆರೆದೆ. ಪೊಲಿಕ್ಸೆನಿ ಬಾಗಿಲಲ್ಲಿ ನಿಂತಿದ್ದಳು. ನಾನು ಕೆಳಗಿನ ಅಗಲಬಾಯಿಯ ತುಂಡನ್ನು ಕೈಗೆತ್ತಿಕೊಂಡೆ. ಅದರ ಮೇಲೆ ನನಗೆ ಪ್ರೀತಿಯಿಲ್ಲ, ನಿನಗದು ಗೊತ್ತು. ಎಸೆಯುವುದು ಕಷ್ಟವೇನೂ ಆಗಬಾರದಿತ್ತು. ಆದರೆ ಎಣ್ಣೆ ಹಾಕಿ ಒರೆಸಿ ಆ ಮರ ನನ್ನ ಕೈಗೆ ಪಳಗಿಬಿಟ್ಟಿತ್ತು. ಅದನ್ನು ಹಿಡಿದು ನಿಂತಾಗ ಒಂದು ಯೋಚನೆ ಬಂತು. ಬೇಸಿಗೆಯಲ್ಲಿ ಇದೇ ಅಂಗಳಕ್ಕೆ ನೀನು ಬರುತ್ತೀ. ನಿನ್ನ ಉಸಿರು ತಾಗಿದೆಯೆಂದು ಇವತ್ತು ಇದನ್ನು ಸುಟ್ಟರೆ, ಆವತ್ತು ಏನನ್ನು ಸುಡಲು ಹೇಳುತ್ತಾರೆ?

ಅದನ್ನೇ ಡೆಸ್ಪೊಗೆ ಕೇಳಿದೆ. “ಇದನ್ನ ಸುಡ್ತೀನಿ. ಜೂನಲ್ಲಿ ಅವನು ಬರ್ತಾನೆ. ಕೂತ ಕುರ್ಚಿ ಸುಡಲಾ? ಮಗಳಿಗೆ ಮುತ್ತು ಕೊಟ್ರೆ ಅವಳನ್ನ ಏನು ಮಾಡಲಿ? ಅಪ್ಪ ಮನೇಲಿದಾನೆ ಅಂತ ನಿನ್ನ ಸೊಸೇನ ತವರಿಗೆ ಕಳಿಸ್ತೀಯಾ ಇಲ್ವಾ? ಈಗ್ಲೇ ಹೇಳಿಬಿಡು.”

ಡೆಸ್ಪೊ ಬೆಂಕಿಗೆ ಬೆನ್ನು ಹಾಕಿ ಶಾಲು ಹೊದ್ದು ಹೋದಳು. ಪೊಲಿಕ್ಸೆನಿ ಬಂದು ನನ್ನ ಕೈಯಿಂದ ಆ ತುಂಡನ್ನು ತೆಗೆದುಕೊಂಡು ಪೆಟ್ಟಿಗೆಯಲ್ಲಿಟ್ಟಳು. “ಉಂಗುರ ವಾಪಸ್ ಕೊಟ್ಟುಬಿಡೋಣ ಅಮ್ಮಾ” ಅಂದಳು. “ಒಂದು ವಾರ ತಡಿ” ಅಂದೆ. ಒಲೆ ಹೇಗೂ ಕಾದಿತ್ತು, ಅದರಲ್ಲಿ ಸೊಪ್ಪಿನ ಪಿಟಾ ಬೇಯಿಸಿಕೊಂಡು ತಿಂದೆವು.

ಮಾರನೆಯ ದಿನ ಲಾಂಬ್ರೋಸನ ಮನೆಗೆ ಹೋದೆ. ಸಿಟ್ಟಾಗಬೇಡ. ನೀವಿಬ್ಬರೂ ಒಬ್ಬ ಗುರುವಿನ ಹತ್ತಿರವೇ ಕ್ಲಾರಿನೆಟ್ ಕಲಿತವರು, ನೀನು ಅವನ ಮದುವೆಯಲ್ಲಿ ನುಡಿಸಿದವನು. ಲಾಂಬ್ರೋಸ್ ಊದಿದರೆ ಕೊಟ್ಟಿಗೆಯಲ್ಲಿ ಹಾಲು ಒಡೆಯುತ್ತದೆ ಎಂದು ಕಾಫಿ ಅಂಗಡಿಯಲ್ಲಿ ಎಲ್ಲರೆದುರು ನೀನು ಹೇಳಿದ ಮೇಲೆ ಅವನು ನಿನ್ನ ಮುಖ ನೋಡಿಲ್ಲ. ನನಗೂ ಅವನ ಬಾಗಿಲು ತಟ್ಟುವ ಮುಖವಿರಲಿಲ್ಲ. ತಟ್ಟಿದೆ. ಏನು ಬೇಕೆಂದು ಹೇಳಿದೆ: ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ, ಊರವರೆದುರು, ಝೀಸಿಸನ ಕ್ಲಾರಿನೆಟ್ಟನ್ನು ಬಾಯಿಗಿಡಬೇಕು.

ಅವನ ಹೆಂಡತಿ ಒಳಗಿಂದ “ಬೇಡ” ಅಂದಳು. ಅವನು “ಮರ ಸೀಳಿದೆಯಾ?” ಎಂದು ಕೇಳಿದ. ಇಲ್ಲವೆಂದೆ. “ಯೋಚನೆ ಮಾಡ್ತೀನಿ” ಅಂದ.

ಬರುವ ಭಾನುವಾರ ಗೊತ್ತಾಗುತ್ತದೆ.

ಅಗ್ಲಾಯಾ


ಕ್ರಿಯೊನೇರಿ
30 ಮಾರ್ಚ್ 1959

ಝೀಸಿಸನಿಗೆ ಲಾಂಬ್ರೋಸ್ ಬರೆಯುವುದು.

ನಿನಗೆ ಬರೆಯುವ ಇಷ್ಟ ನನಗಿರಲಿಲ್ಲ. ವಾದ್ಯದ ವಿಷಯವನ್ನು ನಾನೇ ತಿಳಿಸಬೇಕು ಎಂದು ನಿನ್ನ ಹೆಂಡತಿ ಹಠ ಹಿಡಿದಿದ್ದಾಳೆ.

ಆ ಭಾನುವಾರ ಹೋದೆ. ಹೆದರಲಿಲ್ಲ ಎಂದು ಬರೆದರೆ ನೀನು ನಗುತ್ತೀ. ಪಾದ್ರಿಗಳಿಂದ ಹಿಡಿದು ಎಲ್ಲರೂ ಅಂಗಳದಲ್ಲಿದ್ದರು, ನನ್ನ ಹೆಂಡತಿ ಮುಖ ತಿರುಗಿಸಿಕೊಂಡಿದ್ದಳು. ಅಗ್ಲಾಯಾ ಪೆಟ್ಟಿಗೆ ತೆರೆದಳು. ಒಳಗೆ ಕಣ್ಣಿಟ್ಟು ನೋಡಿದೆ. ಒಂದು ಕೂದಲೆಳೆಯಷ್ಟು ಸೀಳಿಲ್ಲ, ಕಾರ್ಕು ಮೆತ್ತಗಿದೆ, ಕೀಲಿಗಳ ಸಂದಿಯಲ್ಲಿ ಧೂಳಿಲ್ಲ. ನೀನು ಯಾವತ್ತೂ ಅಷ್ಟು ಚೆನ್ನಾಗಿ ಇಟ್ಟವನಲ್ಲ. ನನ್ನದೊಂದು ರೀಡು ಕಟ್ಟಿ, ಶಿಲುಬೆಯ ಗುರುತು ಹಾಕಿಕೊಂಡು ಊದಿದೆ.

ಒಂದು ಸಣ್ಣ ಹಾಡು ನುಡಿಸಿ ನಿಲ್ಲಿಸಿದೆ. “ನೋಡಿ, ಇವನಿಗೂ ಹೆದರಿಕೆ” ಎಂದು ಹಿಂದೆ ಯಾರೋ ಅಂದರು. “ಹೆದರಿಕೆ ಅಲ್ಲ ಕಣಯ್ಯಾ,” ಅಂದೆ. “ಇಷ್ಟು ತಿಂಗಳು ಸುಮ್ಮನೆ ಬಿದ್ದಿದ್ದ ಮರ. ಒಂದೇ ಸಲ ಬಿಸಿ ಉಸಿರು ತುಂಬಿದ್ರೆ ಒಡೆದು ಹೋಗುತ್ತೆ. ದಿನಾ ಸ್ವಲ್ಪ ಸ್ವಲ್ಪ ಊದಿ ಅಭ್ಯಾಸ ಮಾಡಿಸ್ಬೇಕು.” ಹಾಗೆ ಹೇಳಿದ ಮೇಲೆ ದಿನಾ ಹೋಗಲೇಬೇಕಾಯಿತು. ಅದನ್ನು ನನ್ನ ಮನೆಗೆ ತರಲು ಹೆಂಡತಿ ಒಪ್ಪಲಿಲ್ಲ, ಆದ್ದರಿಂದ ನಿನ್ನ ಮನೆಗೇ ಹೋಗತೊಡಗಿದೆ. ಸಂಜೆ ಆಡುಗಳನ್ನು ಕಟ್ಟಿದ ಮೇಲೆ ಹೋಗಿ ನಿನ್ನ ಕಟ್ಟೆಯ ಮೇಲೆ ಕೂರುತ್ತೇನೆ. ಅಷ್ಟರಲ್ಲಿ ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ ಶುರುವಾಯಿತು, ವಾದ್ಯ ನುಡಿಸುವ ಹಾಗಿಲ್ಲ. ಪಾದ್ರಿಗಳನ್ನು ಕೇಳಿದೆ. “ಹಾಡು ನುಡಿಸಿದ್ರೆ ಪಾಪ. ಮರಕ್ಕೆ ಔಷಧಿ ಹಾಕಿದ್ರೆ ಏನು ಪಾಪ?” ಅಂದರು. ಹಾಗಾಗಿ ಒಂದೊಂದೇ ಸ್ವರ, ಉದ್ದಕ್ಕೆ. ಊದುವುದು, ಬಟ್ಟೆ ಎಳೆಯುವುದು, ಕಾಫಿ ಕುಡಿಯುವುದು, ಮನೆಗೆ ಬರುವುದು.

ಮೊದಲು ನಾನೊಬ್ಬನೇ. ಆಮೇಲೆ ಅಪೊಸ್ತೊಲಿಸ್ ಬೇಲಿ ದಾಟಿ ಒಳಗೆ ಬಂದ, ನನ್ನ ಪಕ್ಕ ಕೂತ. ಆಮೇಲೆ ಪಕ್ಕದ ಮನೆಯವರು ಕುರ್ಚಿ ತಂದರು. ಉಪವಾಸದ ಕಾಲದಲ್ಲಿ ಊರಿನ ಮುದುಕರಿಗೆ ಬೇರೆ ಏನಿದೆ? ಒಂದು ಸ್ವರಕ್ಕೂ ಬಂದು ಕೂರುತ್ತಾರೆ.

ಮೊನ್ನೆ ಡೆಸ್ಪೊ ಮಗನನ್ನು ಎಳೆದುಕೊಂಡು ಹೋಗಲು ಬಂದಳು. ಗೇಟಿನಲ್ಲಿ ನಿಂತು ಕೇಳಿದಳು. “ಇದೇನು ಒಂದೇ ಸ್ವರ? ಹಾಡು ಮರೆತುಹೋಯ್ತಾ ನಿನಗೆ?”

“ಉಪವಾಸ, ಡೆಸ್ಪೊ ಅಮ್ಮಾ,” ಅಂದೆ.

“ನೀನು ಕೆಮ್ತಾ ಇಲ್ವಲ್ಲ?”

“ನಿಮ್ಮನ್ನ ನೋಡಿದ್ರೆ ಮಾತ್ರ ಗಂಟಲು ಕಟ್ಟುತ್ತೆ.”

ಮುದುಕರು ನಕ್ಕರು. ಅಗ್ಲಾಯಾ ಒಂದು ಮಾತೂ ಆಡದೆ ಒಳಗೆ ಹೋಗಿ ಕಾಫಿ ಮಾಡಿ ತಂದು ಕಟ್ಟೆಯ ಮೇಲೆ ಇಟ್ಟಳು. ಡೆಸ್ಪೊ ಕಪ್ಪನ್ನು ನೋಡಿದಳು. ಶಾಲಿನ ತುದಿಯಿಂದ ಅದರ ಅಂಚು ಒರೆಸಿದಳು. ಆಗ ಯಾರೂ ನಗಲಿಲ್ಲ. ಎತ್ತಿಕೊಂಡಳು, ತಳದ ಗಸಿ ಕಾಣುವ ತನಕ ಕುಡಿದಳು. “ಸಕ್ಕರೆ ಜಾಸ್ತಿ” ಎಂದಳು.

ಮದುವೆ ಜೂನ್ ಏಳಕ್ಕೆ. ಮೇ ತಿಂಗಳಲ್ಲಿ ಬೇಡವಂತೆ, ಮೇ ಮದುವೆಗೆ ಆಗಿಬರುವುದಿಲ್ಲವಲ್ಲ. ನಿನ್ನ ಕೊಟ್ಟಿಗೆಯ ಹಾಲನ್ನು ದಿನಾ ವಿಚಾರಿಸುತ್ತೇನೆ. ಇದುವರೆಗೆ ಒಡೆದಿಲ್ಲ.

ಲಾಂಬ್ರೋಸ್


ಅಥೆನ್ಸ್
14 ಏಪ್ರಿಲ್ 1959

ಅಗ್ಲಾಯಾ,

ನಾಳೆ ಬೆಳಿಗ್ಗೆ ಆಪರೇಷನ್. ಲಾಂಬ್ರೋಸನ ಕಾಗದ ಬಂತು. ಉತ್ತರ ಬರೆಯಲು ಕೂತೆ, ಆಗಲಿಲ್ಲ.

ನನಗಾಗಿ ಮದುವೆಯನ್ನು ಮುಂದೆ ಹಾಕಬೇಡಿ. ಆಪರೇಷನ್ ಚೆನ್ನಾಗಿ ಆದರೂ ಜೂನ್ ಏಳಕ್ಕೆ ಬಿಡುವುದಿಲ್ಲವಂತೆ. ಆಗದಿದ್ದರೆ ಒಂದು ವರ್ಷ ಸೂತಕ ಕಾಯಬೇಕಾಗುತ್ತದೆ, ಅದೂ ಬೇಡ. ಏನೇ ಆದರೂ ಆ ದಿನವೇ ಆಗಲಿ ಎಂದು ಪಾದ್ರಿಗಳಿಗೆ ಬೇರೆಯಾಗಿ ಬರೆದಿದ್ದೇನೆ.

ನಾನು ಸುಡು ಎಂದೆ. ನೀನು ಸುಡಲಿಲ್ಲ. ಮದುವೆಯಾದ ಮೇಲೆ ನನ್ನ ಮಾತು ನೀನು ಕೇಳದೆ ಇದ್ದ ಸಲವೆಲ್ಲ ನಾನು ಗೊಣಗಿದ್ದೇನೆ. ಈ ಸಲ ಇಲ್ಲ.

ನಿನ್ನ
ಝೀಸಿಸ್


ಕ್ರಿಯೊನೇರಿ
10 ಜೂನ್ 1959

ಝೀಸಿಸ್,

ನೀನು ಎದ್ದು ಕೂತಿದ್ದೀ ಎಂದು ದಾದಿ ಬರೆದ ಕಾರ್ಡನ್ನು ಪೊಲಿಕ್ಸೆನಿ ಮದುವೆಯ ದಿನ ಎದೆಯ ಹತ್ತಿರ ಇಟ್ಟುಕೊಂಡಿದ್ದಳು. ನೆಟ್ಟಗೆ ನಿಂತಾಗೆಲ್ಲ ಚುಚ್ಚುತ್ತಿತ್ತಂತೆ.

ಹೆಣ್ಣು ಮನೆಯಿಂದ ಹೊರಡುವಾಗ ನುಡಿಸುವ ರಾಗ ನಿನಗೆ ಗೊತ್ತಲ್ಲ. ಎಷ್ಟು ಮನೆಗಳ ಹೆಣ್ಣುಮಕ್ಕಳನ್ನು ನೀನು ಅದರಲ್ಲಿ ಕಳಿಸಿದ್ದೀ. ಲಾಂಬ್ರೋಸ್ ಅಂಗಳದಲ್ಲಿ ನಿಂತು ಅದನ್ನು ತೀರ ಕೆಳಗಿನ ಸ್ವರದಲ್ಲಿ ಶುರು ಮಾಡಿದ. ಇವಳು ಹೊಸಿಲಲ್ಲೇ ನಿಂತುಬಿಟ್ಟಳು. ಅಪ್ಪನ ಕೈ ಹಿಡಿದು ದಾಟುವ ಹೊಸಿಲು. ಯಾರಿಗೂ ಏನು ಮಾಡುವುದೆಂದು ತಿಳಿಯಲಿಲ್ಲ. ಲಾಂಬ್ರೋಸ್ ಊದುತ್ತಲೇ ಒಂದೊಂದೇ ಹೆಜ್ಜೆ ಹತ್ತಿರ ಬಂದ, ಕ್ಲಾರಿನೆಟ್ಟಿನ ಅಗಲಬಾಯಿಯನ್ನು ಅವಳ ಕಿವಿಯ ಪಕ್ಕಕ್ಕೆ ತಂದ, ಹಾಗೇ ಹಿಂದಕ್ಕೆ ನಡೆದ. ಅವಳು ಅದರ ಹಿಂದೆಯೇ ದಾಟಿ ಬಂದಳು. ನಾನು ಅಳಲಿಲ್ಲ. ಡೆಸ್ಪೊ ಅತ್ತಳು, ನನ್ನ ಪಾಲಿನದನ್ನೂ ಸೇರಿಸಿ.

ಕುಣಿತದ ಸಾಲಿನಲ್ಲಿ ಮುಂದೆ ನಿಂತವಳೂ ಡೆಸ್ಪೊಳೇ. ಯಾವಾಗಲೂ ಹೇಳಿಕೊಳ್ಳುವ ಕಾಲು ನೋವು ಎಲ್ಲಿ ಹೋಯಿತೋ. “ಬೀಗರ ಹಾಡು ಹಾಕು, ಝೀಸಿಸ್ ಹಾಕ್ತಿದ್ದನಲ್ಲ, ಅದು” ಎಂದು ಕೂಗಿದಳು. ಊರೆಲ್ಲ ಕೇಳಿತು.

ಒಂದು ಮಾತು ನಿನಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ, ಕೇಳಿದರೆ ಲಾಂಬ್ರೋಸ್ ಬರೆದೇ ಇಲ್ಲವಂತೆ. ಆ ಭಾನುವಾರ ಚರ್ಚಿನ ಅಂಗಳಕ್ಕೆ ನಾನು ಯಾನೆನಾದಿಂದ ತರಿಸಿದ ಹೊಸ ಬಾಯಿತುಂಡನ್ನು ಕಾಗದದಲ್ಲಿ ಸುತ್ತಿ ಒಯ್ದಿದ್ದೆ. ಅಷ್ಟಾದರೂ ಅವನಿಗೆ ಧೈರ್ಯವಿರಲಿ ಎಂದು. ಅವನು ಅದನ್ನು ತೆಗೆದುಕೊಂಡ, ಬಿಚ್ಚದೆ ಜೇಬಿಗೆ ಹಾಕಿದ. ನಿನ್ನ ಹಲ್ಲಿನ ಗುರುತಿರುವ ಹಳೆಯದನ್ನೇ ಬಾಯಿಗಿಟ್ಟ.

ಮನೆ ದೊಡ್ಡದಾಗಿದೆ. ಬೇಗ ಬಾ.

ನಿನ್ನ
ಅಗ್ಲಾಯಾ


ಅಥೆನ್ಸ್
28 ಜೂನ್ 1959

ಲಾಂಬ್ರೋಸ್,

ಈ ಕಾಗದವನ್ನು ಎಷ್ಟೋ ಸಲ ಶುರು ಮಾಡಿ ಹರಿದೆ. ಬುಟ್ಟಿ ತುಂಬಿತೆಂದು ದಾದಿ ಬೈದಳು, ಹಾಗಾಗಿ ಇದನ್ನು ಹರಿಯುವ ಹಾಗಿಲ್ಲ.

ಕಳಿಸುವ ಮೊದಲು ಡಾಕ್ಟರರು ಒಂದು ಗಾಜಿನ ಕೊಳವೆ ಕೊಟ್ಟು ಊದಿಸಿದರು. ಎಷ್ಟು ಉಸಿರಿದೆಯೆಂದು ಅದರಲ್ಲಿ ನೀರು ಏರಿ ತೋರಿಸುತ್ತದೆ. ಅರ್ಧಕ್ಕೆ ನಿಂತಿತು. ಕ್ಲಾರಿನೆಟ್ ಬೇಡವೇ ಬೇಡ ಎಂದರು. ಪಕ್ಕದಲ್ಲಿ ಕೂತು ಇನ್ನೊಬ್ಬರ ತಪ್ಪು ಹೇಳಬಹುದೇ ಎಂದು ಕೇಳಿದೆ. ಕೂಗಾಡದೆ ಹೇಳುವುದಾದರೆ ಆಗಬಹುದಂತೆ. ಹೊರಡುವ ರಾಗವನ್ನು ಕೆಳಗಿನ ಸ್ವರದಲ್ಲಿ ಎತ್ತಿಕೊಂಡೆಯಂತೆ. ನಾನು ಯಾವತ್ತೂ ಮೇಲಿನಿಂದ ಎತ್ತಿಕೊಳ್ಳುತ್ತಿದ್ದೆ. ಇಲ್ಲಿ ಮಲಗಿ ಮನಸ್ಸಿನಲ್ಲೇ ಎರಡನ್ನೂ ನುಡಿಸಿ ನೋಡಿದೆ. ನಿನ್ನದು ಸರಿ.

ಬಾಯಿತುಂಡಿನ ಸಂಗತಿ ಅಗ್ಲಾಯಾ ಬರೆದಳು. ನೀನು ಬರೆದಿರಲಿಲ್ಲ. ಅದರ ಬಗ್ಗೆ ನನಗೂ ಬರೆಯಲು ಬರುವುದಿಲ್ಲ.

ಶನಿವಾರದ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ಬರಬೇಡ, ಊರವರೆದುರು ನಾವಿಬ್ಬರೂ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಲ್ಲುತ್ತೇವೆ. ಭಾನುವಾರ ಆಡುಗಳನ್ನು ಕಟ್ಟಿದ ಮೇಲೆ ಎಂದಿನ ಹೊತ್ತಿಗೆ ಮನೆಗೆ ಬಾ. ಬಾಗಿಲು ನಾನೇ ತೆಗೆಯುತ್ತೇನೆ.

ಝೀಸಿಸ್